ವಿಮಾನ ಪೈಲಟ್‌ಗಳ ವಿಸ್ತರಿತ ಕರ್ತವ್ಯ ಅವಧಿ: ಒಪ್ಪಿಗೆ ಹಾಗೂ ನಿರಾಕರಣೆ ಕುರಿತ ಸಾರ್ವಜನಿಕ ಮಾಹಿತಿ

1. ಪೀಠಿಕೆ

ಮಂಜು, ಮಳೆ, ತಾಂತ್ರಿಕ ದೋಷ, ವಾಯು ಸಂಚಾರ ದಟ್ಟಣೆ ಮೊದಲಾದ ಕಾರಣಗಳಿಂದ ವಿಮಾನಗಳು ನಿಗದಿತ ವೇಳೆಗೆ ಹೊರಡದಿರುವುದು ಸಾಮಾನ್ಯ. ಇಂತಹ ಸಂದರ್ಭಗಳಲ್ಲಿ "ಪೈಲಟ್‌ಗಳ ಕರ್ತವ್ಯ ಅವಧಿ ಮುಗಿದಿರುವುದರಿಂದ ವಿಮಾನ ಹೊರಡುವುದು ತಡವಾಗಲಿದೆ" ಎಂಬ ಪ್ರಕಟಣೆಯನ್ನು ಪ್ರಯಾಣಿಕರು ಕೇಳಿರಬಹುದು. ವಿಮಾನ ಸಿದ್ಧವಿದ್ದು, ಹವಾಮಾನ ತಿಳಿಯಾಗಿದ್ದು, ಪೈಲಟ್‌ಗಳೂ ಸ್ಥಳದಲ್ಲಿಯೇ ಇದ್ದಾಗ ಪ್ರಯಾಣ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ.

ಪೈಲಟ್‌ಗಳ ಕರ್ತವ್ಯದ ಅವಧಿಗೆ ಇರುವ ಮಿತಿಗಳು, ಆ ಮಿತಿಯನ್ನು ಮೀರಿ ಕರ್ತವ್ಯ ವಿಸ್ತರಿಸಲು ಇರುವ ಅವಕಾಶ, ಅಂತಹ ವಿಸ್ತರಣೆಯನ್ನು ಒಪ್ಪುವ ಅಥವಾ ನಿರಾಕರಿಸುವ ನಿರ್ಧಾರ ಹೇಗೆ ರೂಪುಗೊಳ್ಳುತ್ತದೆ ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ. ನಿಯಮದಲ್ಲಿ ಹೇಳಿರುವ ಗಂಟೆಗಳು ಗರಿಷ್ಠ ಮಿತಿಯೇ ಹೊರತು ತಲುಪಲೇಬೇಕಾದ ಗುರಿಯಲ್ಲ ಎಂಬುದನ್ನು ಆರಂಭದಲ್ಲಿಯೇ ಗಮನಿಸುವುದು ಅವಶ್ಯಕ. ಗಡಿಯಾರದ ಪ್ರಕಾರ ಹಾರಲು ಅನುಮತಿ ಇರುವುದು ಬೇರೆ, ಶರೀರ ಹಾಗೂ ಮನಸ್ಸು ಹಾರಾಟಕ್ಕೆ ಯೋಗ್ಯವಾಗಿರುವುದು ಬೇರೆ. ವಿಸ್ತರಣೆಯ ಪ್ರಶ್ನೆ ಬಂದಾಗ ಈ ಎರಡಕ್ಕೂ ಪ್ರತ್ಯೇಕ ಉತ್ತರ ದೊರೆಯಬೇಕು.

2. ಮುಖ್ಯ ಪದಗಳ ವಿವರಣೆ

(ಅ) ಹಾರಾಟ ಸಮಯ: ವಿಮಾನವು ಹಾರಾಟದ ಉದ್ದೇಶದಿಂದ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ, ಹಾರಾಟ ಮುಗಿಸಿ ಅಂತಿಮವಾಗಿ ನಿಲ್ಲುವವರೆಗಿನ ಸಮಯ.

(ಆ) ಹಾರಾಟ ಕರ್ತವ್ಯ ಅವಧಿ: ಪೈಲಟ್ ಕರ್ತವ್ಯಕ್ಕೆ ವರದಿ ಮಾಡಿಕೊಂಡ ಸಮಯದಿಂದ, ಆ ದಿನದ ಕೊನೆಯ ಹಾರಾಟ ಮುಗಿದು ವಿಮಾನ ನಿಂತು ಎಂಜಿನ್‌ಗಳು ಸ್ಥಗಿತಗೊಳ್ಳುವವರೆಗಿನ ಅವಧಿ. ನಿಲ್ದಾಣದಲ್ಲಿ ಕಾಯುವ ಸಮಯವೂ ಇದರಲ್ಲಿ ಸೇರುತ್ತದೆ. ಆದ್ದರಿಂದ ವಿಮಾನ ನೆಲದ ಮೇಲೆ ಮೂರು ಗಂಟೆ ನಿಂತರೆ ಹಾರಾಟ ಸಮಯ ಹೆಚ್ಚುವುದಿಲ್ಲವಾದರೂ ಹಾರಾಟ ಕರ್ತವ್ಯ ಅವಧಿ ಮೂರು ಗಂಟೆ ಕರಗಿರುತ್ತದೆ.

(ಇ) ಕರ್ತವ್ಯ ಅವಧಿ: ಹಾರಾಟವಲ್ಲದೆ ತರಬೇತಿ, ಕಡತ ಕೆಲಸ, ಸಂಸ್ಥೆಯ ಆದೇಶದಂತೆ ಒಂದು ಊರಿನಿಂದ ಮತ್ತೊಂದು ಊರಿಗೆ ಪ್ರಯಾಣಿಕರಾಗಿ ತೆರಳುವುದು ಮುಂತಾದವುಗಳನ್ನೂ ಒಳಗೊಂಡ ಒಟ್ಟು ಕೆಲಸದ ಅವಧಿ.

(ಈ) ವಿಶ್ರಾಂತಿ ಅವಧಿ: ಎಲ್ಲ ಕರ್ತವ್ಯಗಳಿಂದ ಪೈಲಟ್ ಸಂಪೂರ್ಣ ಮುಕ್ತರಾಗಿರುವ ಅವಧಿ.

(ಉ) ಅನಿರೀಕ್ಷಿತ ಕಾರ್ಯಾಚರಣಾ ಸಂದರ್ಭ: ಮುನ್ಸೂಚನೆ ಇಲ್ಲದ ಹವಾಮಾನ, ಉಪಕರಣ ದೋಷ, ವಾಯು ಸಂಚಾರದಲ್ಲಿನ ವಿಳಂಬ ಮುಂತಾದ, ಸಂಸ್ಥೆಯ ಹಿಡಿತದಲ್ಲಿಲ್ಲದ, ಮೊದಲೇ ಯೋಜಿಸಲಾಗದ ಘಟನೆ.

(ಊ) ವಿಸ್ತರಣೆ: ಮೇಲ್ಕಂಡ ಅನಿರೀಕ್ಷಿತ ಸಂದರ್ಭದಲ್ಲಿ ಆ ದಿನದ ಗರಿಷ್ಠ ಹಾರಾಟ ಕರ್ತವ್ಯ ಅವಧಿಯನ್ನು ನಿಯಮದಲ್ಲಿ ಹೇಳಿರುವಷ್ಟರ ಮಟ್ಟಿಗೆ ಮೀರಲು ಇರುವ ಅವಕಾಶ.

3. ದಣಿವಿನ ಸ್ವರೂಪ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ದಣಿವನ್ನು ಸೋಮಾರಿತನ ಅಥವಾ ಮನೋದೌರ್ಬಲ್ಯ ಎಂದು ಪರಿಗಣಿಸುವುದಿಲ್ಲ. ನಿದ್ರಾಹೀನತೆ, ದೀರ್ಘಕಾಲದ ಎಚ್ಚರ, ದೇಹದ ಒಳಗಡಿಯಾರ ಹಾಗೂ ಕೆಲಸದ ಹೊರೆ ಇವುಗಳಿಂದ ಮನುಷ್ಯನ ಮಾನಸಿಕ ಅಥವಾ ದೈಹಿಕ ಸಾಮರ್ಥ್ಯ ಕುಗ್ಗುವ ಶಾರೀರಿಕ ಸ್ಥಿತಿಯೇ ದಣಿವು.

ದಣಿವಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

(ಅ) ಎಚ್ಚರವಿದ್ದ ಗಂಟೆಗಳು: 1997ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸತತ 17 ಗಂಟೆ ಎಚ್ಚರವಿದ್ದ ವ್ಯಕ್ತಿಯ ಕಾರ್ಯಕ್ಷಮತೆಯು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಾಂಶವಿರುವ ವ್ಯಕ್ತಿಯ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಎಚ್ಚರವಿದ್ದಲ್ಲಿ ಇದು ಶೇಕಡ 0.10ರ ಮಟ್ಟಕ್ಕೆ ಸಮನಾಗುತ್ತದೆ. ಮದ್ಯ ಸೇವಿಸಿದ ಪೈಲಟ್ ವಿಮಾನ ನಡೆಸುವುದನ್ನು ಯಾರೂ ಒಪ್ಪುವುದಿಲ್ಲ. ದಣಿವಿಗೆ ವಾಸನೆ ಇಲ್ಲ. ಅದನ್ನು ಅಳೆಯುವ ಉಸಿರು ತಪಾಸಣಾ ಯಂತ್ರವೂ ಇಲ್ಲ.

(ಆ) ಒಳಗಡಿಯಾರದ ಇಳಿಹೊತ್ತು: ಬೆಳಗಿನ ಜಾವ 2 ಗಂಟೆಯಿಂದ 6 ಗಂಟೆಯವರೆಗೆ ಮನುಷ್ಯನ ಜಾಗೃತಿ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಹಗಲಿನಲ್ಲಿ ಮಲಗಿ ಎದ್ದು ಬಂದವರಿಗೂ ಈ ಅವಧಿ ಕಷ್ಟಕರವೇ.

(ಇ) ನಿದ್ರೆಯ ಬಾಕಿ: ದಿನಕ್ಕೆ ಒಂದೆರಡು ಗಂಟೆಯಂತೆ ಕಡಿಮೆಯಾದ ನಿದ್ರೆ ಲೆಕ್ಕದ ಪುಸ್ತಕದಲ್ಲಿನ ಸಾಲದಂತೆ ಮುಂದಿನ ದಿನಕ್ಕೆ ಬಾಕಿಯಾಗಿ ವರ್ಗಾವಣೆಯಾಗುತ್ತದೆ. ಒಂದು ರಾತ್ರಿಯ ಸಾಧಾರಣ ನಿದ್ರೆಯಿಂದ ವಾರದ ಬಾಕಿ ತೀರುವುದಿಲ್ಲ.

(ಈ) ಕ್ಷಣನಿದ್ರೆ: ತೀವ್ರವಾಗಿ ದಣಿದವರು ಕಣ್ಣು ತೆರೆದಿರುವಾಗಲೇ ಕೆಲವು ಸೆಕೆಂಡು ನಿದ್ರೆಗೆ ಜಾರಬಹುದು. ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ರನ್‌ವೇಯತ್ತ ಇಳಿಯುತ್ತಿರುವ ವಿಮಾನ ಐದು ಸೆಕೆಂಡಿನಲ್ಲಿ 360 ಮೀಟರ್ ಕ್ರಮಿಸುತ್ತದೆ.

(ಉ) ನಿದ್ರೆಯ ಮಂಪರು: ಗಾಢ ನಿದ್ರೆಯಿಂದ ಎದ್ದ ಕೂಡಲೇ ಕೆಲವು ಕಾಲ ತೀರ್ಮಾನಶಕ್ತಿ ಮಂದವಾಗಿರುತ್ತದೆ.

(ಊ) ಸ್ವಯಂ ಅಂದಾಜಿನ ದೋಷ: ದಣಿದವರು ತಮ್ಮ ದಣಿವನ್ನು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ. ನಿರ್ಧಾರ ಕೈಗೊಳ್ಳಬೇಕಾದ ಮನಸ್ಸೇ ದಣಿವಿನಿಂದ ಕುಂದಿರುವುದರಿಂದ ವಿಸ್ತರಣೆಯ ಪ್ರಶ್ನೆ ಜಟಿಲವಾಗುತ್ತದೆ.

4. ಭಾರತದಲ್ಲಿನ ನಿಯಮಗಳು

ಭಾರತದಲ್ಲಿ ಪೈಲಟ್‌ಗಳ ಹಾರಾಟ ಹಾಗೂ ಕರ್ತವ್ಯ ಅವಧಿಯ ಮಿತಿಗಳನ್ನು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿಜಿಸಿಎ, ನಾಗರಿಕ ವಿಮಾನಯಾನ ಅಗತ್ಯತೆಗಳ ಮೂಲಕ ನಿಗದಿಪಡಿಸುತ್ತದೆ. ಈ ವಿಷಯದಲ್ಲಿ ರಾಜ್ಯ ಸರ್ಕಾರಗಳಿಗೆ ಅಧಿಕಾರವಿರುವುದಿಲ್ಲ. ನಿಯಮಗಳು ಬೆಳೆದುಬಂದ ಬಗೆ ಸಂಕ್ಷಿಪ್ತವಾಗಿ ಹೀಗಿದೆ.

• 1992: ಡಿಜಿಸಿಎ ಹೊರಡಿಸಿದ ಸುತ್ತೋಲೆಯಲ್ಲಿ ಮಿತಿಗಳನ್ನು ನಿಗದಿಪಡಿಸಲಾಯಿತು.

• 2007: ಜುಲೈ ತಿಂಗಳಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಲಾಯಿತು. 2008ರ ಮೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದು ಹಳೆಯ ಸುತ್ತೋಲೆಯನ್ನೇ ಮುಂದುವರಿಸಲಾಯಿತು. ಇದನ್ನು ಪ್ರಶ್ನಿಸಿ ಪೈಲಟ್‌ಗಳ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸದರಿ ಮೇಲ್ಮನವಿಯನ್ನು ವಜಾಗೊಳಿಸಿತು.

• 2011: ಆಗಸ್ಟ್ ತಿಂಗಳಲ್ಲಿ ಪರಿಷ್ಕೃತ ನಿಯಮಗಳು ಪ್ರಕಟವಾದವು. 2019ರಲ್ಲಿ ಅವು ಮತ್ತೊಮ್ಮೆ ಪರಿಷ್ಕರಣೆಗೊಂಡವು.

• 2024: ಜನವರಿ 8ರಂದು ಪ್ರಕಟವಾದ ಪರಿಷ್ಕರಣೆಯು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಹೆಚ್ಚಿಸಿತು. ರಾತ್ರಿಯ ಅವಧಿಯನ್ನು ಮಧ್ಯರಾತ್ರಿಯಿಂದ ಬೆಳಿಗ್ಗೆ 5 ಗಂಟೆ ಎಂಬುದರ ಬದಲು 6 ಗಂಟೆಯವರೆಗೆ ಎಂದು ವಿಸ್ತರಿಸಲಾಯಿತು. ರಾತ್ರಿಯನ್ನು ತಾಕುವ ಕರ್ತವ್ಯಕ್ಕೆ ಹಾರಾಟ ಸಮಯ 8 ಗಂಟೆ, ಹಾರಾಟ ಕರ್ತವ್ಯ ಅವಧಿ 10 ಗಂಟೆ ಎಂಬ ಮಿತಿಗಳನ್ನೂ, ಆರು ಇಳಿಯುವಿಕೆಗಳ ಬದಲು ಎರಡು ಎಂಬ ಮಿತಿಯನ್ನೂ ವಿಧಿಸಲಾಯಿತು.

• 2025: ದೆಹಲಿ ಉಚ್ಚ ನ್ಯಾಯಾಲಯದ ಮುಂದಿನ ಪ್ರಕರಣದ ಹಿನ್ನೆಲೆಯಲ್ಲಿ ಈ ನಿಯಮಗಳನ್ನು ಜುಲೈ 1 ಹಾಗೂ ನವೆಂಬರ್ 1ರಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿದೊಡ್ಡ ವಿಮಾನಯಾನ ಸಂಸ್ಥೆಯಾದ ಇಂಡಿಗೊದ ಕರ್ತವ್ಯ ಪಟ್ಟಿ ಅಸ್ತವ್ಯಸ್ತಗೊಂಡು, ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ತೀವ್ರ ತೊಂದರೆಗೊಳಗಾದರು. ಅದೇ ದಿನ ಡಿಜಿಸಿಎ, ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಪರಿಗಣಿಸಬಾರದೆಂಬ ಸೂಚನೆಯನ್ನು ಹಿಂಪಡೆದು, ಸದರಿ ಸಂಸ್ಥೆಗೆ ರಾತ್ರಿ ಕರ್ತವ್ಯದ ಕೆಲವು ಅಂಶಗಳಿಂದ 2026ರ ಫೆಬ್ರವರಿ 10ರವರೆಗೆ ತಾತ್ಕಾಲಿಕ ವಿನಾಯಿತಿ ನೀಡಿತು.

ವಿಶ್ರಾಂತಿಯ ಗಂಟೆಗಳು ಹೆಚ್ಚಿದರೆ ಅದೇ ವೇಳಾಪಟ್ಟಿಗೆ ಹೆಚ್ಚು ಪೈಲಟ್‌ಗಳು ಬೇಕಾಗುತ್ತಾರೆ. ಸಂಖ್ಯೆ ಸಾಲದಿದ್ದಲ್ಲಿ ಹಾರಾಟ ಕಡಿಮೆಯಾಗಬೇಕು, ಇಲ್ಲವೇ ವಿಶ್ರಾಂತಿ ಕಡಿಮೆಯಾಗಬೇಕು. ಮೇಲಿನ ಘಟನೆಯಿಂದ ಈ ಸರಳ ಲೆಕ್ಕ ಸಾರ್ವಜನಿಕರ ಗಮನಕ್ಕೆ ಬಂದಿತು.

5. ವಿಸ್ತರಣೆಗೆ ಇರುವ ಅವಕಾಶ

ವಿಸ್ತರಣೆಯು ಅನಿರೀಕ್ಷಿತ ಸಂದರ್ಭಕ್ಕೆ ಮಾತ್ರ ಮೀಸಲು. ವೇಳಾಪಟ್ಟಿ ಸಿದ್ಧಪಡಿಸುವಾಗಲೇ ವಿಸ್ತರಣೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ನಿಯಮದ ಆಶಯಕ್ಕೆ ವಿರುದ್ಧ. ಪ್ರತಿ ವಾರವೂ ಒಂದೇ ಹಾರಾಟ ತಡವಾಗುತ್ತಿದ್ದಲ್ಲಿ ಅದನ್ನು ಅನಿರೀಕ್ಷಿತ ಎನ್ನಲಾಗದು. ಅಂತಹ ವೇಳಾಪಟ್ಟಿಯನ್ನೇ ಸರಿಪಡಿಸಬೇಕಾಗುತ್ತದೆ. ವಿಸ್ತರಣೆಯಾದ ನಂತರ ದೊರೆಯುವ ವಿಶ್ರಾಂತಿಯೂ ಅದಕ್ಕನುಗುಣವಾಗಿ ಹೆಚ್ಚಬೇಕು.

ಇತರ ಕೆಲವು ವ್ಯವಸ್ಥೆಗಳಲ್ಲಿನ ನಿಯಮಗಳು ಹೋಲಿಕೆಗೆ ಉಪಯುಕ್ತವಾಗಿವೆ.

(ಅ) ಅಮೆರಿಕ ಸಂಯುಕ್ತ ಸಂಸ್ಥಾನ: 2014ರ ಜನವರಿ 4ರಿಂದ ಜಾರಿಯಲ್ಲಿರುವ ನಿಯಮದಂತೆ, ವಿಮಾನ ಹೊರಡುವ ಮುನ್ನ ಅನಿರೀಕ್ಷಿತ ಸಂದರ್ಭ ಉಂಟಾದಲ್ಲಿ ಹೆಚ್ಚುವರಿ ಪೈಲಟ್‌ಗಳಿಲ್ಲದ ಹಾರಾಟದ ಕರ್ತವ್ಯ ಅವಧಿಯನ್ನು ಎರಡು ಗಂಟೆಯವರೆಗೆ ವಿಸ್ತರಿಸಬಹುದು. ಇದಕ್ಕೆ ಸಂಸ್ಥೆ ಹಾಗೂ ಮುಖ್ಯ ಪೈಲಟ್ ಇಬ್ಬರ ಸಮ್ಮತಿಯೂ ಬೇಕು. ಅರ್ಧ ಗಂಟೆಗೂ ಮೀರಿದ ಇಂತಹ ವಿಸ್ತರಣೆಗೆ ಒಮ್ಮೆ ಒಳಗಾದವರು ಸತತ 30 ಗಂಟೆಗಳ ವಿಶ್ರಾಂತಿ ಪಡೆಯುವವರೆಗೆ ಮತ್ತೊಮ್ಮೆ ಒಳಗಾಗುವಂತಿಲ್ಲ. ಪ್ರತಿ ಹಾರಾಟಕ್ಕೂ ಮುನ್ನ ತಾನು ಕರ್ತವ್ಯಕ್ಕೆ ಯೋಗ್ಯನಿದ್ದೇನೆ ಎಂದು ಪ್ರತಿಯೊಬ್ಬ ಪೈಲಟ್ ದೃಢೀಕರಿಸಬೇಕು. ಪ್ರಯಾಣಿಕರ ವಿಮಾನಗಳಿಗೆ ಕಡ್ಡಾಯವಾಗಿರುವ ಈ ನಿಯಮದಿಂದ ಸರಕು ವಿಮಾನಗಳನ್ನು ಹೊರಗಿಡಲಾಗಿದೆ.

(ಆ) ಯುರೋಪ್ ಒಕ್ಕೂಟ: 2016ರ ಫೆಬ್ರವರಿ 18ರಿಂದ ಅನ್ವಯವಾದ ನಿಯಮದಂತೆ ವಿಸ್ತರಣೆಯು ಮುಖ್ಯ ಪೈಲಟ್‌ನ ವಿವೇಚನೆಗೆ ಸೇರಿದ್ದು. ಸಾಮಾನ್ಯ ಸಿಬ್ಬಂದಿ ಇದ್ದಲ್ಲಿ ಗರಿಷ್ಠ ಎರಡು ಗಂಟೆ, ಹೆಚ್ಚುವರಿ ಪೈಲಟ್‌ಗಳಿದ್ದಲ್ಲಿ ಮೂರು ಗಂಟೆ. ತೀರ್ಮಾನಿಸುವ ಮುನ್ನ ಎಲ್ಲ ಸಿಬ್ಬಂದಿಯನ್ನೂ ವಿಚಾರಿಸಿ ಅವರ ಜಾಗೃತಿಯ ಮಟ್ಟವನ್ನು ತಿಳಿದುಕೊಳ್ಳಬೇಕು. ವಿಸ್ತರಣೆ ಒಂದು ಗಂಟೆ ಮೀರಿದಲ್ಲಿ ಸಂಸ್ಥೆಯು 28 ದಿನಗಳೊಳಗೆ ಪ್ರಾಧಿಕಾರಕ್ಕೆ ವರದಿ ಸಲ್ಲಿಸಬೇಕು. ವಿವೇಚನೆ ಬಳಸಿದ್ದಕ್ಕಾಗಿ ಪೈಲಟ್‌ನನ್ನು ದಂಡಿಸುವ ವ್ಯವಸ್ಥೆ ಇರಕೂಡದು.

ಈ ಎರಡೂ ವ್ಯವಸ್ಥೆಗಳಲ್ಲಿ, ವಿಮಾನ ಆಕಾಶಕ್ಕೇರಿದ ನಂತರ ಅನಿರೀಕ್ಷಿತವಾಗಿ ಮಿತಿ ಮೀರಿದಲ್ಲಿ ನಿಗದಿತ ಅಥವಾ ಪರ್ಯಾಯ ನಿಲ್ದಾಣದವರೆಗೆ ಹಾರಾಟ ಮುಂದುವರಿಸಲು ಅವಕಾಶವಿದೆ. ಹಗಲಿರುಳು ಓಡುವ ದೂರದ ಬಸ್ಸಿನ ಚಾಲಕರು ನಿದ್ರೆ ಬಂದರೆ ರಸ್ತೆ ಬದಿಯಲ್ಲಿ ನಿಲ್ಲಿಸಬಹುದು. ವಿಮಾನಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ನಿರ್ಧಾರ ನೆಲದ ಮೇಲೆಯೇ ಆಗಬೇಕು.

ಅತಿ ದೂರದ ಹಾರಾಟಗಳನ್ನು ವಿಸ್ತರಣೆಯ ಮೂಲಕ ನಡೆಸಲಾಗುವುದಿಲ್ಲ. ಅದಕ್ಕೆ ಹೆಚ್ಚುವರಿ ಪೈಲಟ್‌ಗಳನ್ನು ನೇಮಿಸಿ, ವಿಮಾನದಲ್ಲಿಯೇ ಸರದಿಯಂತೆ ಮಲಗಲು ವ್ಯವಸ್ಥೆ ಮಾಡಲಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಸುಮಾರು 17 ಗಂಟೆ ತಡೆರಹಿತವಾಗಿ ಹಾರಿಬಂದ ಏರ್ ಇಂಡಿಯಾ ವಿಮಾನದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳಿದ್ದರು.

6. ನಿದರ್ಶನ

ನಿರ್ಧಾರದ ಸ್ವರೂಪವನ್ನು ತಿಳಿಯಲು ಕೆಳಗಿನ ಕಾಲ್ಪನಿಕ ನಿದರ್ಶನವನ್ನು ಗಮನಿಸಬಹುದು. ಇಲ್ಲಿ ಆ ದಿನದ ಹಾರಾಟ ಕರ್ತವ್ಯ ಅವಧಿಯ ಮಿತಿ 12 ಗಂಟೆ ಎಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸಲಾಗಿದೆ.

ಇಬ್ಬರು ಪೈಲಟ್‌ಗಳು ಡಿಸೆಂಬರ್ ತಿಂಗಳಿನ ಒಂದು ದಿನ ಬೆಳಗಿನ 3 ಗಂಟೆಗೆ ಎದ್ದು, 5 ಗಂಟೆಗೆ ಬೆಂಗಳೂರಿನಲ್ಲಿ ಕರ್ತವ್ಯಕ್ಕೆ ವರದಿ ಮಾಡಿಕೊಳ್ಳುತ್ತಾರೆ. ಬೆಂಗಳೂರು, ಹೈದರಾಬಾದ್, ದೆಹಲಿ ಮಾರ್ಗವಾಗಿ ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿಗೆ ಮರಳುವುದು ಯೋಜನೆ. ಅಂದರೆ ಯೋಜಿತ ಅವಧಿ 9 ಗಂಟೆ. ದೆಹಲಿಯಲ್ಲಿ ದಟ್ಟ ಮಂಜು ಕವಿದ ಕಾರಣ ಹೈದರಾಬಾದಿನಲ್ಲಿ 3 ಗಂಟೆ ಕಾಯಬೇಕಾಗುತ್ತದೆ. ಬಳಿಕ ದೆಹಲಿಯಲ್ಲಿ ತಾಂತ್ರಿಕ ದೋಷ ಕಂಡುಬಂದು ದುರಸ್ತಿಗೆ 1 ಗಂಟೆ 10 ನಿಮಿಷ ಹಿಡಿಯುತ್ತದೆ. ಇನ್ನು ಹೊರಟರೆ ಬೆಂಗಳೂರು ತಲುಪುವುದು ಸಂಜೆ 6.10ಕ್ಕೆ.

ಲೆಕ್ಕ ಹೀಗಿದೆ:

• ವರದಿ ಮಾಡಿಕೊಂಡ ಸಮಯ: ಬೆಳಿಗ್ಗೆ 5.00
• ಮಿತಿ ಮುಗಿಯುವ ಸಮಯ: ಸಂಜೆ 5.00
• ನಿರೀಕ್ಷಿತ ಮುಕ್ತಾಯ: ಸಂಜೆ 6.10
• ಬೇಕಾಗುವ ವಿಸ್ತರಣೆ: 1 ಗಂಟೆ 10 ನಿಮಿಷ
• ವಿಮಾನ ಇಳಿಯುವ ವೇಳೆಗೆ ಪೈಲಟ್‌ಗಳು ಎಚ್ಚರವಿದ್ದ ಅವಧಿ: ಸುಮಾರು 15 ಗಂಟೆ

ಕಡತದಲ್ಲಿ ದಾಖಲಾಗುವುದು ಮೊದಲ ನಾಲ್ಕು ಅಂಕಿಗಳು ಮಾತ್ರ. ಐದನೆಯದು ಪೈಲಟ್‌ಗಳಿಗೆ ಮಾತ್ರ ತಿಳಿದಿರುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ಮಗುವಿಗೆ ಜ್ವರವಿದ್ದು ಮೂರು ಗಂಟೆ ಮಾತ್ರ ಮಲಗಿದ್ದರೆ ಅದೂ ಅವರಿಗೇ ತಿಳಿದ ವಿಷಯ. ಆದಕಾರಣ ವಿಸ್ತರಣೆಯು ನಿಯಮದ ಮಿತಿಯೊಳಗಿದೆ ಎಂದು ಕಾರ್ಯಾಚರಣಾ ನಿಯಂತ್ರಣ ಕೊಠಡಿಯವರು ಹೇಳಬಲ್ಲರೇ ಹೊರತು, ಪೈಲಟ್ ಯೋಗ್ಯರಿದ್ದಾರೆ ಎಂದು ಹೇಳಲಾರರು.

ಈ ಹಂತದಲ್ಲಿ ಮೂರು ದಾರಿಗಳಿರುತ್ತವೆ: ವಿಸ್ತರಣೆಯನ್ನು ಒಪ್ಪಿ ಹೊರಡುವುದು, ದೆಹಲಿಯಲ್ಲಿ ಸಿದ್ಧವಾಗಿರಿಸಿದ ಬದಲಿ ಸಿಬ್ಬಂದಿಗೆ ವಿಮಾನವನ್ನು ಒಪ್ಪಿಸುವುದು, ಅಥವಾ ವಿಶ್ರಾಂತಿಯ ನಂತರ ಹೊರಡುವಂತೆ ಹಾರಾಟವನ್ನು ಮುಂದೂಡುವುದು.

7. ನಿರ್ಧಾರಕ್ಕೆ ಮುನ್ನ ಪರಿಶೀಲಿಸುವ ಅಂಶಗಳು

(1) ಇಳಿಯುವ ವೇಳೆಗೆ ಇರಬಹುದಾದ ಸ್ಥಿತಿ. "ಈಗ ಚೆನ್ನಾಗಿದ್ದೇನೆ" ಎಂಬುದು ಸಾಲದು. ಮೂರು ಗಂಟೆಗಳ ನಂತರ, ಅತಿ ಹೆಚ್ಚು ಗಮನ ಬೇಡುವ ಇಳಿಯುವಿಕೆಯ ಹೊತ್ತಿನಲ್ಲಿ ಹೇಗಿರುತ್ತೇನೆ ಎಂಬುದೇ ಪ್ರಶ್ನೆ.

(2) ಕಳೆದ 24 ಹಾಗೂ 72 ಗಂಟೆಗಳಲ್ಲಿ ನಿಜವಾಗಿ ಮಾಡಿದ ನಿದ್ರೆ. ಹೋಟೆಲಿನಲ್ಲಿ ಕಳೆದ ಹತ್ತು ಗಂಟೆ ಹತ್ತು ಗಂಟೆಯ ನಿದ್ರೆಯಲ್ಲ.

(3) ಇಳಿಯುವ ಸಮಯ ರಾತ್ರಿ ಅಥವಾ ಬೆಳಗಿನ ಜಾವಕ್ಕೆ ಬೀಳುತ್ತದೆಯೇ.

(4) ಗಮ್ಯಸ್ಥಾನದ ಹವಾಮಾನ, ರನ್‌ವೇಯ ಉದ್ದ ಹಾಗೂ ಸ್ವರೂಪ, ಪರ್ಯಾಯ ನಿಲ್ದಾಣದ ದೂರ. ಸಮತಟ್ಟಾದ ಉದ್ದನೆಯ ರನ್‌ವೇಗೂ ಸುತ್ತ ಕಣಿವೆಯಿರುವ ರನ್‌ವೇಗೂ ವ್ಯತ್ಯಾಸವಿದೆ.

(5) ಸಹ ಪೈಲಟ್ ಹಾಗೂ ಕ್ಯಾಬಿನ್ ಸಿಬ್ಬಂದಿಯ ಸ್ಥಿತಿ. ಹಿರಿಯರು ತಮ್ಮ ಅಭಿಪ್ರಾಯವನ್ನು ಮೊದಲು ಹೇಳಿಬಿಟ್ಟರೆ ಕಿರಿಯರು ಭಿನ್ನಾಭಿಪ್ರಾಯ ಹೇಳಲು ಹಿಂಜರಿಯುತ್ತಾರೆ. ಆದ್ದರಿಂದ ಕಿರಿಯರನ್ನು ಮೊದಲು ಕೇಳುವುದು ಉತ್ತಮ ಪದ್ಧತಿ.

(6) ಮತ್ತೊಂದು ವಿಳಂಬವಾದರೆ ಉಳಿಯುವ ಅವಕಾಶ. ವಿಸ್ತರಣೆಯ ಮಿತಿಯ ಅಂಚಿನಲ್ಲಿ ಹೊರಡುವವರಿಗೆ ಆಕಾಶದಲ್ಲಿ ಸುತ್ತು ಹಾಕಬೇಕಾಗಿ ಬಂದಲ್ಲಿ ಅವಸರ ಉಂಟಾಗುತ್ತದೆ.

ಮೇಲ್ಕಂಡವುಗಳಲ್ಲಿ ಯಾವುದೇ ಒಂದಕ್ಕೆ ಸಮಾಧಾನಕರ ಉತ್ತರ ದೊರೆಯದಿದ್ದಲ್ಲಿ ನಿರಾಕರಿಸುವುದೇ ಸೂಕ್ತ. ಅಂತರರಾಷ್ಟ್ರೀಯ ಒಪ್ಪಂದದ ಅನುಬಂಧ 2ರಂತೆ ವಿಮಾನದ ಬಗೆಗಿನ ಅಂತಿಮ ಅಧಿಕಾರ ಮುಖ್ಯ ಪೈಲಟ್‌ನದು. ಅಧಿಕಾರದೊಂದಿಗೆ ಹೊಣೆಯೂ ಅವರದೇ.

8. ನಿರ್ಧಾರದ ಮೇಲೆ ಬೀಳುವ ಒತ್ತಡಗಳು

ವಿಸ್ತರಣೆಯನ್ನು ಒಪ್ಪುವಂತೆ ಮಾಡುವ ಒತ್ತಡಗಳು ಯಾವಾಗಲೂ ಆದೇಶದ ರೂಪದಲ್ಲಿ ಬರುವುದಿಲ್ಲ. ನಾಲ್ಕು ಗಂಟೆಯಿಂದ ಕಾದು ಕುಳಿತ ನೂರೆಂಬತ್ತು ಪ್ರಯಾಣಿಕರಿರುತ್ತಾರೆ. ಅವರಲ್ಲಿ ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಅಂತ್ಯಕ್ರಿಯೆಗೆ ಹೊರಟವರು ಇರುತ್ತಾರೆ. ಪೈಲಟ್‌ಗೂ ಮನೆ ಸೇರುವ ಆಸೆ ಇರುತ್ತದೆ. ಇದು ಕೊನೆಯ ಹಾರಾಟ, ಒಂದೇ ಗಂಟೆ ಹೆಚ್ಚು ಎಂಬ ಸಮಾಧಾನವಿರುತ್ತದೆ. ಹಾರಿದ ಗಂಟೆಗಳಿಗೆ ತಕ್ಕಂತೆ ಭತ್ಯೆ ಇರುವಲ್ಲಿ ಹಣದ ಲೆಕ್ಕವೂ ಸೇರುತ್ತದೆ. ನಿರಾಕರಿಸಿದರೆ ಮುಂದಿನ ತಿಂಗಳ ಕರ್ತವ್ಯ ಪಟ್ಟಿಯಲ್ಲಿ ಅಥವಾ ಬಡ್ತಿಯಲ್ಲಿ ತೊಂದರೆಯಾದೀತೆಂಬ ಅಂಜಿಕೆ ಕಿರಿಯರಲ್ಲಿ ಹೆಚ್ಚು.

ಒಪ್ಪಿದ ನೂರು ವಿಸ್ತರಣೆಗಳಲ್ಲಿ ಬಹುತೇಕ ಎಲ್ಲವೂ ಸುರಕ್ಷಿತವಾಗಿ ಮುಗಿಯುತ್ತವೆ. ಈ ಕಾರಣದಿಂದಲೇ ಒಪ್ಪುವುದು ಅಭ್ಯಾಸವಾಗುತ್ತದೆ. ನಿರಾಕರಣೆಯಿಂದಾದ ನಷ್ಟ ಅಂದೇ ಲೆಕ್ಕಕ್ಕೆ ಸಿಗುತ್ತದೆ: ಹೋಟೆಲ್ ಖರ್ಚು, ಊಟ, ಮರುಪಾವತಿ, ದೂರುಗಳು. ತಪ್ಪಿಹೋದ ಅಪಘಾತ ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗುವುದಿಲ್ಲ.

9. ಹಿಂದಿನ ಘಟನೆಗಳಿಂದ ತಿಳಿದುಬಂದ ಅಂಶಗಳು

(ಅ) ಗ್ವಾಂಟನಾಮೊ ಬೇ, 1993: ಆಗಸ್ಟ್ 18ರಂದು ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆಯಲ್ಲಿ ಇಳಿಯುತ್ತಿದ್ದ ಡಿಸಿ-8 ಸರಕು ವಿಮಾನ ರನ್‌ವೇ ತಲುಪುವ ಮುನ್ನವೇ ನೆಲಕ್ಕಪ್ಪಳಿಸಿತು. ಮೂವರು ಸಿಬ್ಬಂದಿ ತೀವ್ರವಾಗಿ ಗಾಯಗೊಂಡು ಬದುಕುಳಿದರು. ಇವರು ರಾತ್ರಿಯ ಸರದಿ ಮುಗಿಸಿದ್ದರು. ಮತ್ತೊಂದು ವಿಮಾನ ಕೆಟ್ಟುನಿಂತ ಕಾರಣ ಅವರಿಗೆ ಹೆಚ್ಚುವರಿ ಹಾರಾಟ ವಹಿಸಲಾಗಿತ್ತು. ಅಪಘಾತದ ವೇಳೆಗೆ ಅವರು ಸುಮಾರು 18 ಗಂಟೆ ಕರ್ತವ್ಯದಲ್ಲಿದ್ದರು. ಕ್ಯಾಪ್ಟನ್ ಎಚ್ಚರವಿದ್ದುದು 23 ಗಂಟೆಗೂ ಅಧಿಕ. ಅಂದಿನ ನಿಯಮಗಳ ಪ್ರಕಾರ ಆ ಕರ್ತವ್ಯ ಕಾನೂನುಬದ್ಧವೇ ಆಗಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ದೊಡ್ಡ ವಿಮಾನವೊಂದರ ಅಪಘಾತಕ್ಕೆ ದಣಿವನ್ನೇ ಸಂಭವನೀಯ ಕಾರಣವೆಂದು ಹೆಸರಿಸಿದ ಮೊದಲ ಪ್ರಕರಣವಿದು.

(ಆ) ಲಿಟಲ್ ರಾಕ್, 1999: ಜೂನ್ 1ರ ತಡರಾತ್ರಿ ಗುಡುಗು ಮಳೆಯ ನಡುವೆ ಇಳಿದ ಅಮೆರಿಕನ್ ಏರ್‌ಲೈನ್ಸ್ ವಿಮಾನ ರನ್‌ವೇ ದಾಟಿ ಹೋಗಿ 11 ಮಂದಿ ಮೃತಪಟ್ಟರು. ಹೊರಡುವುದು ಎರಡು ಗಂಟೆಗೂ ಹೆಚ್ಚು ತಡವಾಗಿದ್ದು, ಕರ್ತವ್ಯದ ಮಿತಿ ಮುಗಿಯುವುದರೊಳಗೆ ಹೊರಡಬೇಕೆಂಬ ಚಿಂತೆ ಸಿಬ್ಬಂದಿಗಿತ್ತು. ದಣಿವು ಹಾಗೂ ಸಂದರ್ಭದ ಒತ್ತಡದಿಂದ ಅವರ ಕಾರ್ಯಕ್ಷಮತೆ ಕುಂದಿತ್ತೆಂದು ತನಿಖೆ ತಿಳಿಸಿತು.

(ಇ) ಮಂಗಳೂರು, 2010: ಮೇ 22ರಂದು ಬೆಳಿಗ್ಗೆ ಸುಮಾರು 6 ಗಂಟೆಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತಪಟ್ಟು ಎಂಟು ಮಂದಿ ಉಳಿದರು. ಇದು ಕರ್ತವ್ಯ ವಿಸ್ತರಣೆಯ ಪ್ರಕರಣವಲ್ಲ, ವೇಳಾಪಟ್ಟಿಯಲ್ಲಿದ್ದ ಹಾರಾಟ. ಆದರೂ ದಣಿವಿನ ವಿಷಯದಲ್ಲಿ ಕರ್ನಾಟಕ ಮರೆಯಲಾಗದ ಪಾಠವಿದು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯಂತೆ, ಹಾರಾಟದ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ನಿದ್ರಿಸಿದ್ದರು. ಎದ್ದ ನಂತರದ ಮಂಪರು ಅವರ ತೀರ್ಮಾನದ ಮೇಲೆ ಪರಿಣಾಮ ಬೀರಿತ್ತು. ವಿಮಾನ ಸರಿಯಾದ ಎತ್ತರದಲ್ಲಿರದಿದ್ದರೂ ಇಳಿಯುವಿಕೆಯನ್ನು ಕೈಬಿಡಲಿಲ್ಲ. ಮರಳಿ ಮೇಲೇರುವಂತೆ ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಸುಮಾರು 8000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನದ ಚಕ್ರಗಳು ನೆಲ ಮುಟ್ಟಿದ್ದು ಸುಮಾರು 5200 ಅಡಿ ಕಳೆದ ಮೇಲೆ.

(ಈ) ಇಂಡೋನೇಷ್ಯಾ, 2024: ಜನವರಿ 25ರಂದು ಕೆಂಡಾರಿಯಿಂದ ಜಕಾರ್ತಕ್ಕೆ 153 ಪ್ರಯಾಣಿಕರೊಂದಿಗೆ ಹೊರಟಿದ್ದ ಬಾಟಿಕ್ ಏರ್ ವಿಮಾನದಲ್ಲಿ ಇಬ್ಬರೂ ಪೈಲಟ್‌ಗಳು ಏಕಕಾಲಕ್ಕೆ ಸುಮಾರು 28 ನಿಮಿಷ ನಿದ್ರೆಗೆ ಜಾರಿದರು. ಸಹ ಪೈಲಟ್ ಮನೆಯಲ್ಲಿ ಒಂದು ತಿಂಗಳ ಅವಳಿ ಶಿಶುಗಳಿದ್ದವು. ವಿಮಾನ ದಾರಿ ತಪ್ಪಿದರೂ ಸುರಕ್ಷಿತವಾಗಿ ಇಳಿಯಿತು. ಕರ್ತವ್ಯದ ಗಂಟೆಗಳ ಲೆಕ್ಕ ಸರಿಯಿದ್ದ ಮಾತ್ರಕ್ಕೆ ನಿದ್ರೆಯ ಲೆಕ್ಕ ಸರಿಯಿರುತ್ತದೆಂದು ಭಾವಿಸಲಾಗದು ಎಂಬುದಕ್ಕೆ ಇದು ಉದಾಹರಣೆ.

10. ನಿರಾಕರಣೆ ಹಾಗೂ ದಣಿವಿನ ವರದಿ

ದಣಿವಿನ ಕಾರಣದಿಂದ ಕರ್ತವ್ಯ ನಿರಾಕರಿಸಿದ ಪೈಲಟ್ ಆ ಬಗ್ಗೆ ಸಂಸ್ಥೆಗೆ ವರದಿ ಸಲ್ಲಿಸಬೇಕು. ವರದಿಯಲ್ಲಿ ಹಿಂದಿನ ದಿನಗಳ ಕರ್ತವ್ಯ, ನಿದ್ರೆಯ ಗಂಟೆಗಳು, ವಿಳಂಬದ ಕಾರಣ ಇವುಗಳನ್ನು ವಾಸ್ತವವಾಗಿ ನಮೂದಿಸುವುದು ಸೂಕ್ತ. 2024ರ ಪರಿಷ್ಕರಣೆಯಂತೆ ವಿಮಾನಯಾನ ಸಂಸ್ಥೆಗಳು ಇಂತಹ ವರದಿಗಳನ್ನು ವಿಶ್ಲೇಷಿಸಿ, ಕೈಗೊಂಡ ಕ್ರಮದ ವಿವರದೊಂದಿಗೆ ಮೂರು ತಿಂಗಳಿಗೊಮ್ಮೆ ಡಿಜಿಸಿಎಗೆ ಸಲ್ಲಿಸಬೇಕು. ವರದಿ ಮಾಡಿದವರ ಗೋಪ್ಯತೆಯನ್ನು ಕಾಪಾಡಬೇಕು ಹಾಗೂ ಅವರ ವಿರುದ್ಧ ದಂಡನೀಯ ಕ್ರಮ ಕೈಗೊಳ್ಳಬಾರದು.

ದಣಿವನ್ನು ಅನಾರೋಗ್ಯ ರಜೆಯ ಹೆಸರಿನಲ್ಲಿ ಮರೆಮಾಚಿದಲ್ಲಿ ಯಾವ ವೇಳಾಪಟ್ಟಿ ದಣಿವನ್ನುಂಟುಮಾಡುತ್ತಿದೆ ಎಂಬುದು ಎಂದಿಗೂ ಬೆಳಕಿಗೆ ಬರುವುದಿಲ್ಲ. ಹಾಗೆಯೇ, ಸುಳ್ಳು ದಣಿವಿನ ನೆಪವೂ ನೈಜ ವರದಿಗಳ ಮೇಲಿನ ವಿಶ್ವಾಸವನ್ನು ಕುಂದಿಸುತ್ತದೆ. ವಿಶ್ರಾಂತಿಯ ಅವಧಿಯನ್ನು ವಿಶ್ರಾಂತಿಗಾಗಿಯೇ ಬಳಸುವುದು ಪೈಲಟ್‌ನ ಕರ್ತವ್ಯ. ಆ ವಿಶ್ರಾಂತಿ ನಿಜಕ್ಕೂ ದೊರೆಯುವಂತೆ ಪಟ್ಟಿ ತಯಾರಿಸುವುದು ಸಂಸ್ಥೆಯ ಕರ್ತವ್ಯ.

11. ಪ್ರಯಾಣಿಕರ ಗಮನಕ್ಕೆ

• ಸಿಬ್ಬಂದಿಯ ಕರ್ತವ್ಯ ಅವಧಿ ಮುಗಿದ ಕಾರಣ ವಿಳಂಬವಾದಲ್ಲಿ ಪೈಲಟ್ ಅಥವಾ ನಿಲ್ದಾಣದ ಸಿಬ್ಬಂದಿಯೊಂದಿಗೆ ವಾಗ್ವಾದ ಮಾಡಬಾರದು. ಒತ್ತಾಯಕ್ಕೆ ಮಣಿದು ಹೊರಡುವ ಪೈಲಟ್ ಯಾರಿಗೂ ಹಿತವಲ್ಲ.

• ವಿಳಂಬದ ಅವಧಿಗೆ ಅನುಗುಣವಾಗಿ ಊಟ, ಉಪಾಹಾರ ಪಡೆಯಲು ಹಾಗೂ 6 ಗಂಟೆ ಮೀರಿದ ವಿಳಂಬದ ಸಂದರ್ಭದಲ್ಲಿ ಬದಲಿ ವಿಮಾನ ಅಥವಾ ಹಣ ಮರುಪಾವತಿ ಕೋರಲು ಡಿಜಿಸಿಎ ನಿಯಮಗಳಲ್ಲಿ ಷರತ್ತುಗಳಿಗೊಳಪಟ್ಟು ಅವಕಾಶವಿದೆ.

• ಸೌಲಭ್ಯ ದೊರೆಯದಿದ್ದಲ್ಲಿ ಮೊದಲು ಸಂಸ್ಥೆಗೆ, ನಂತರ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ವ್ಯವಸ್ಥೆಯ ಮೂಲಕ ದೂರು ಸಲ್ಲಿಸಬಹುದು. ಟಿಕೆಟ್ ಪ್ರತಿ ಹಾಗೂ ವಿಳಂಬದ ಸಂದೇಶಗಳನ್ನು ಕಾಯ್ದಿರಿಸಿಕೊಳ್ಳುವುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿಮಾನ ಸ್ವಯಂಚಾಲಿತವಾಗಿ ಹಾರುವುದಲ್ಲವೇ? ಪೈಲಟ್ ದಣಿದಿದ್ದರೆ ಏನು ತೊಂದರೆ?
ಉತ್ತರ: ಸ್ವಯಂಚಾಲಿತ ವ್ಯವಸ್ಥೆಗೆ ಏನು ಮಾಡಬೇಕೆಂದು ಸೂಚಿಸುವವರು, ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು ಪೈಲಟ್‌ಗಳೇ. ಬಹುತೇಕ ಇಳಿಯುವಿಕೆಗಳನ್ನು ಪೈಲಟ್‌ಗಳು ಕೈಯಾರೆ ನಡೆಸುತ್ತಾರೆ.

ಪ್ರಶ್ನೆ: ಕಾಫಿ ಸೇವನೆಯಿಂದ ದಣಿವು ನೀಗುವುದಿಲ್ಲವೇ?
ಉತ್ತರ: ಕಾಫಿ ಕೆಲ ಕಾಲ ಎಚ್ಚರವಿರಲು ನೆರವಾಗುತ್ತದೆ. ನಿದ್ರೆಯ ಬಾಕಿಯನ್ನು ತೀರಿಸುವುದಿಲ್ಲ.

ಪ್ರಶ್ನೆ: ಕ್ಯಾಪ್ಟನ್ ಒಪ್ಪಿದ್ದು ಸಹ ಪೈಲಟ್ ಒಪ್ಪದಿದ್ದರೆ?
ಉತ್ತರ: ಪ್ರತಿಯೊಬ್ಬರೂ ತಮ್ಮ ಯೋಗ್ಯತೆಗೆ ತಾವೇ ಹೊಣೆಗಾರರು. ಒಬ್ಬರು ಯೋಗ್ಯರಿಲ್ಲವೆಂದಾದಲ್ಲಿ ಬದಲಿ ಪೈಲಟ್ ಬರುವವರೆಗೆ ವಿಮಾನ ಹೊರಡುವಂತಿಲ್ಲ.

ಪ್ರಶ್ನೆ: ಮಿತಿಯೊಳಗಿನ ಕರ್ತವ್ಯವನ್ನೂ ದಣಿವಿನ ಕಾರಣಕ್ಕೆ ನಿರಾಕರಿಸಬಹುದೇ?
ಉತ್ತರ: ಹೌದು. ಮಿತಿಯು ಸಂಸ್ಥೆ ವಹಿಸಬಹುದಾದ ಗರಿಷ್ಠ ಕೆಲಸವನ್ನು ಸೂಚಿಸುತ್ತದೆ. ತಾನು ಯೋಗ್ಯನಲ್ಲವೆಂದು ತಿಳಿದೂ ಹಾರುವುದಕ್ಕೆ ಅದು ಅನುಮತಿಯಲ್ಲ.

13. ಸೂಚನೆ

ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗೆ ಮಾತ್ರ. ಇವು ಕಾನೂನು ಸಲಹೆಯಾಗಿರುವುದಿಲ್ಲ. ಕರ್ತವ್ಯ ಅವಧಿಯ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಡಿಜಿಸಿಎ ಹೊರಡಿಸುವ ಮೂಲ ಆದೇಶಗಳನ್ನೇ ಅಧಿಕೃತವೆಂದು ಪರಿಗಣಿಸತಕ್ಕದ್ದು.